ಕೈ ಬಿಚ್ಚಿಸಿದ ಅಕ್ಕೋರು

ಅಕ್ಕೋರ ಗಂಟಲಿನ ಎಡಗಡೆ, ದವಡೆಯ ಕೆಳಗೆ, ರೂಪಾಯಿ ನಾಣ್ಯದಷ್ಟು ಜಾಗ ಉಳಿದ ಮೈಬಣ್ಣಕ್ಕಿಂತ ಕಪ್ಪಾಗಿತ್ತು. ಹುಟ್ಟುಮಚ್ಚೆ ಇರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಮಕ್ಕಳ ಬೆರಳು ಮಾಡಿದ ಕಲೆ. ಕೇಳಿಸದ ಮಕ್ಕಳು ಒಬ್ಬರಾದ ಮೇಲೊಬ್ಬರು ಅವರೆದುರು ಸ್ಟೂಲಿನ ಮೇಲೆ ಕೂತು, ಅಲ್ಲಿಗೆ ಬೆರಳೊತ್ತಿ, ದನಿ ಅನ್ನುವುದು ಹೇಗೆ ನಡುಗುತ್ತದೆ ಎಂದು ಮುಟ್ಟಿ ತಿಳಿಯುತ್ತಿದ್ದರು. ವರ್ಷಾನುಗಟ್ಟಲೆ ಒತ್ತಿಸಿಕೊಂಡು ಅಲ್ಲಿಯ ಚರ್ಮ ದಪ್ಪಗಾಗಿತ್ತು. ಯಾರಾದರೂ ಅದನ್ನೇ ನೋಡುತ್ತ ನಿಂತರೆ ಅಕ್ಕೋರು ಸೆರಗು ಎಳೆದುಕೊಳ್ಳುತ್ತಿರಲಿಲ್ಲ. "ದನಿ ಇರೂದು ಕಿವ್ಯಾಗಲ್ಲ, ಇಲ್ಲೆ. ಬೇಕಂದ್ರ ಮುಟ್ಟಿ ನೋಡ್ರಿ" ಎಂದು ಕತ್ತು ಮುಂದೆ ಮಾಡುತ್ತಿದ್ದರು.

ಪುಣೆಯ ಹಳೆಯ ಪೇಠೆಯೊಂದರ ವಾಡೆಯ ಹಿಂಭಾಗದಲ್ಲಿ ಆ ಶಾಲೆಯಿತ್ತು. ಮಗ್ಗುಲಲ್ಲೇ ದೂರದೂರಿನ ಮಕ್ಕಳಿಗೆ ಒಂದು ಹಾಸ್ಟೆಲ್ಲು. ಅಕ್ಕೋರು ಅಲ್ಲಿ ಹೆಡ್‌ಮಿಸ್ಟ್ರೆಸ್. ಶಾಲೆಯವರೆಲ್ಲ ಅವರನ್ನು ಮರಾಠಿ ರೂಢಿಯಂತೆ ಬಾಯಿ ಅನ್ನುತ್ತಿದ್ದರು. ನಾನೊಬ್ಬಳೇ ಅಕ್ಕೋರು ಅನ್ನುತ್ತಿದ್ದೆ. ಅವರು ಧಾರವಾಡದವರು, ನಾನೂ ಆ ಕಡೆಯವಳು. ನಮ್ಮಲ್ಲಿ ಶಾಲೆ ಕಲಿಸುವ ಹೆಂಗಸನ್ನು ಕರೆಯುವುದೇ ಹಾಗೆ. ಅವರು ಮದುವೆಯಾಗಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಸೈಕಲ್ ಹೊಡೆದುಕೊಂಡು ಶಾಲೆಗೆ ಬರುತ್ತಿದ್ದರು. ಪುಣೆಯಲ್ಲಿ ಹೆಂಗಸರು ಸೈಕಲ್ ಹೊಡೆಯುವುದು ಹೊಸದಲ್ಲ. ಆದರೆ ಅಕ್ಕೋರು ಗಂಟೆ ಬಾರಿಸುತ್ತಿರಲಿಲ್ಲ, ಅಡ್ಡ ಬಂದವರನ್ನು "ಸರಕಾ!" ಎಂದು, ಸರಿಯಿರಿ ಅಂತ, ಗದರಿಸಿಕೊಂಡೇ ಹೋಗುತ್ತಿದ್ದರು. ಯಾಕ್ರಿ ಎಂದು ಕೇಳಿದ್ದಕ್ಕೆ, "ಗಂಟಿ ಬಾರಿಸಿದ್ರ ಯಾರೂ ಕೇಳೂದಿಲ್ಲ ತಂಗಿ, ಬೈದ್ರ ಕೇಳತಾರ" ಅಂದರು.

ನಮ್ಮನೆಯವರಿಗೆ ಹಡಪಸರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮಗಳು ಗಿರಿಜಾಗೆ ಸಣ್ಣವಳಿದ್ದಾಗ ಒಂದು ದೊಡ್ಡ ಜ್ವರ ಬಂದು ಹೋಯಿತು. ಜ್ವರ ಬಿಟ್ಟ ಮೇಲೆ ಹಿಂದಿನಿಂದ ಕರೆದರೆ ಅವಳು ತಿರುಗಿ ನೋಡಲೇ ಇಲ್ಲ. ಡಾಕ್ಟರರು ಕೈಚೆಲ್ಲಿದ ಮೇಲೆ ಯಾರೋ ಈ ಶಾಲೆ ಹೇಳಿದರು. ಮಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಸ್ವಾರಗೇಟಿಗೆ ಬಂದು, ಅಲ್ಲಿಂದ ಕೇಳುತ್ತ ಕೇಳುತ್ತ ನಡೆದು ಹೋದೆ. ನಾನು ಏಳನೆಯ ಇಯತ್ತೆ ಓದಿದವಳು, ಮರಾಠಿ ಸಂತೆಗೆ ಸಾಲುವಷ್ಟು ಬರುತ್ತಿತ್ತು. ಆ ಹರಕು ಮರಾಠಿಯಲ್ಲಿ ನನ್ನ ಸಂಕಟ ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅಕ್ಕೋರು ಕೈ ಎತ್ತಿ ತಡೆದರು. "ಯಾ ಊರವಾ ನಿಂದು?"

"ನವಲಗುಂದ ಕಡೇದ್ರಿ."

"ಹಂಗಾರ ಕನ್ನಡದಾಗ ಅಳು. ಮರಾಠಿಯೊಳಗ ಅತ್ರ ನಂಗ ಪೂರ್ತಿ ತಿಳಿಯೂದಿಲ್ಲ."

ಅಳು ನಿಂತು ನಗು ಬಂತು. ಅದಾದ ಕೂಡಲೇ ಅವರು ಹಾಕಿದ ಕಟ್ಟಳೆಗೆ ಆ ನಗುವೂ ನಿಂತಿತು.

"ಇವತ್ತಿನಿಂದ ಮನ್ಯಾಗ ಕೈಸನ್ನಿ ಬಂದ್. ನೀರು ಬೇಕಂತ ಬೆರಳು ಬಾಯಿಗೆ ಒಯ್ದ್ರ ಕೊಡಬ್ಯಾಡ. ಬಾಯಿಲೇ ಕೇಳೂತನಕ ಕೊಡಬ್ಯಾಡ."

"ಭಾಳ ಸಣ್ಣಾಕಿ ಅದಾಳ್ರಿ ಅಕ್ಕೋರ."

"ಸಣ್ಣಾಕಿ ಅದಾಳಂತನ ಹೇಳಾಕತ್ತೇನಿ. ನಾಳೆ ದೊಡ್ಡಾಕಿ ಆಗಿ ಅಂಗಡಿಗೆ ಹೋದ್ರ, ಕೈ ಆಡಿಸಿದ್ರ ಅಂಗಡಿಯಾವ ನಗತಾನ. ಬಾಯಿ ಆಡಿಸಿದ್ರ ಸಾಮಾನು ಕೊಡತಾನ."

ಅದು ಅವರೊಬ್ಬರ ಹಟವಾಗಿರಲಿಲ್ಲ. ಆಗ ಇಂಥ ಶಾಲೆಗಳಲ್ಲೆಲ್ಲ ಅದೇ ಪದ್ಧತಿ. ಬಾಯಿಮಾತಿನಲ್ಲೇ ಕಲಿಸಬೇಕು ಎಂಬುದು ಸರಕಾರದ ನಿಯಮ ಕೂಡ. ಮಕ್ಕಳು ಅಕ್ಕೋರ ತುಟಿ ನೋಡಿ ಮಾತು ಹಿಡಿಯಬೇಕು. ತುಟಿಯೆದುರು ಕಾಗದದ ಪಟ್ಟಿ ಹಿಡಿದು, ಉಸಿರಿಗೆ ಅದು ಅಲ್ಲಾಡಿದರೆ ಒಂದು ಅಕ್ಷರ ಬಂದ ಹಾಗೆ. ನಾಲಗೆ ಎಲ್ಲಿಡಬೇಕೆಂದು ಮರದ ಚಪ್ಪಟೆ ಕಡ್ಡಿಯಿಂದ ಒತ್ತಿ ತೋರಿಸುತ್ತಿದ್ದರು. ಉಳಿದ ಮಕ್ಕಳು ಬೆನ್ನು ನೆಟ್ಟಗೆ ಮಾಡಿ, ಎದೆಯ ಮೇಲೆ ಕೈಕಟ್ಟಿ ಕೂತಿರಬೇಕು. ಯಾರದ್ದಾದರೂ ಕೈ ಬಿಚ್ಚಿತೋ, ಅಕ್ಕೋರು "ಹಾತ ಖಾಲೀ!" ಅನ್ನುತ್ತಿದ್ದರು, ಕೈ ಕೆಳಗೆ ಅಂತ. ತುಟಿ ನೋಡಿಯೇ ಮಕ್ಕಳು ನಡುಗುತ್ತಿದ್ದರು. ಮತ್ತೆ ಬಿಚ್ಚಿದರೆ ಬೆರಳ ಗೆಣ್ಣಿಗೆ ಮರದ ಪಟ್ಟಿಯ ಏಟು. ಗಿರಿಜಾಳೂ ಅದನ್ನು ತಿಂದಿದ್ದಾಳೆ.

ಆದರೂ ಹಾಸ್ಟೆಲ್ಲಿನ ಬಚ್ಚಲ ಹಿಂದೆ, ಊಟದ ಸಾಲಿನಲ್ಲಿ, ಅಕ್ಕೋರು ಬೆನ್ನು ತಿರುಗಿಸಿದ ಕೂಡಲೇ ಕೈಗಳು ಹಾರಾಡುತ್ತಿದ್ದವು. ಮಕ್ಕಳಿಗೆ ಆ ಭಾಷೆಯನ್ನು ಯಾರೂ ಪಾಠ ಮಾಡಿರಲಿಲ್ಲ, ದೊಡ್ಡವರಿಂದ ಸಣ್ಣವರಿಗೆ ಬರುತ್ತಿತ್ತು. ಅದರಲ್ಲಿ ಎಲ್ಲರಿಗಿಂತ ಮೇಲೆಂದರೆ ಹೊಲಿಗೆ ಕಲಿಸಲು ಬರುತ್ತಿದ್ದ ಟೇಲರ್ ಮಾಸ್ತರ. ಆತನೂ ಹುಟ್ಟಾ ಕೇಳಿಸದವನು, ಅದೇ ಶಾಲೆಯಲ್ಲಿ ಅಕ್ಕೋರ ಕೈಯಲ್ಲೇ ಕಲಿತವನು. ಮಕ್ಕಳೊಡನೆ ಆತ ಕೈಯಾಡಿಸದಂತೆ ಅಕ್ಕೋರು ಅವನ ಮಶೀನನ್ನು ತಮ್ಮ ಕೋಣೆಯ ಬಾಗಿಲ ಎದುರಿಗೇ ಹಾಕಿಸಿದ್ದರು.

ಇಷ್ಟು ಬಿಗಿ ಇದ್ದವರು ಭಾನುವಾರ ಬಿಸಿಲಲ್ಲಿ ಹಡಪಸರದವರೆಗೆ ಸೈಕಲ್ ತುಳಿದು ನಮ್ಮ ಮನೆಗೆ ಬರುತ್ತಿದ್ದರು. ಬಾಗಿಲಲ್ಲೇ ನನಗೆ "ಉಂಡ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಿರಿಜಾಳನ್ನು ಕನ್ನಡಿಯ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಒಂದು ದಿನ ಅವಳ ಬಾಯಿಂದ "ಆಯೀ" ಎಂದು ಬಂತು. ಶಾಲೆಯ ಮಾತು ಮರಾಠಿ, ಹಾಗಾಗಿ ನನಗೆ ಅವ್ವ ಅನ್ನಿಸಿಕೊಳ್ಳುವ ಯೋಗ ಬರಲಿಲ್ಲ. ನಾನು ಒಲೆ ಮುಂದೆ ಕೂತುಬಿಟ್ಟೆ. ಅಕ್ಕೋರು ನನ್ನ ಭುಜ ಹಿಡಿದು ಅಲ್ಲಾಡಿಸಿ, "ಅಳೂದು ಆಮ್ಯಾಲೆ. ಓ ಅನ್ನು ಮೊದಲ, ಕರದಾಳ" ಅಂದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಸಲ ಗಣಪತಿ ಕಳಿಸಿದ ಮೇಲೆ ಊರಲ್ಲಿ ಘಟಸರ್ಪ ಎದ್ದಿತು. ನಮ್ಮ ಕಡೆ ಅದಕ್ಕೆ ಗಂಟಲಮಾರಿ ಅನ್ನುತ್ತಾರೆ. ಮಕ್ಕಳ ಗಂಟಲಲ್ಲಿ ಬೂದಿಬಣ್ಣದ ಪೊರೆ ಕಟ್ಟಿ ಉಸಿರು ಹಿಡಿಯುತ್ತದೆ, ಕತ್ತು ಊದುತ್ತದೆ. ಅದರಿಂದ ಉಳಿದರೂ ವಿಷ ಹೃದಯಕ್ಕೆ ಇಳಿದಿರುತ್ತದೆ. ಮಗು ವಾರಗಟ್ಟಲೆ ಅಲುಗಾಡದೆ ಮಲಗಿರಬೇಕು, ತಟ್ಟನೆ ಎದ್ದು ಕೂತರೂ ಜೀವ ಹೋಗಬಹುದು. ಮುನಿಸಿಪಾಲಿಟಿಯವರು ರಿಕ್ಷಾಕ್ಕೆ ಧ್ವನಿವರ್ಧಕದ ಭೋಂಗಾ ಕಟ್ಟಿ ಓಣಿ ಓಣಿಯಲ್ಲಿ ಸಾರಿಕೊಂಡು ಹೋದರು. ಅಕ್ಕೋರು ರಸ್ತೆಯಲ್ಲಿ ನಿಂತು ಆ ರಿಕ್ಷಾ ತಡೆದು, "ಇದು ನಮ್ಮ ಹುಡುಗರಿಗೆ ಹ್ಯಾಂಗ ಕೇಳಬೇಕು? ಚಿತ್ರ ಬರಸ್ರಿ ಗ್ವಾಡಿ ಮ್ಯಾಲೆ" ಎಂದು ಜಗಳ ತೆಗೆದರಂತೆ. ಯಾರೂ ಬರೆಸಲಿಲ್ಲ. ತಾವೇ ಕೆಮ್ಮಣ್ಣು ಕಲಸಿ ಶಾಲೆಯ ಗೋಡೆಗೆ ದೊಡ್ಡದೊಂದು ಬಾಯಿ, ಗಂಟಲು ಬರೆದರು. ಚಿತ್ರ ಬಾವಿಯ ಹಾಗೆ ಕಾಣುತ್ತಿತ್ತು. ಆದರೆ ಮಕ್ಕಳಿಗೆ ತಿಳಿಯಿತು.

ಶಾಲೆಗೆ ಹುಕುಂ ಬಂತು. ಬಾಯಿಪಾಠ ನಿಲ್ಲಿಸಬೇಕು, ಕಲಿಸುವವರು ಬಾಯಿಗೆ ಬಟ್ಟೆ ಕಟ್ಟಬೇಕು. ಅದಕ್ಕೆ ಅಕ್ಕೋರು ಎದುರಾಡಲಿಲ್ಲ. ಮುಖಕ್ಕೆ ಮುಖ ಕೊಟ್ಟು ಉಸಿರೂದಿಸುವ ಪಾಠ. ರೋಗಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇಕೆ? ನಾಲಗೆ ಒತ್ತುವ ಕಡ್ಡಿಗಳನ್ನೆಲ್ಲ ಅಂಗಳದಲ್ಲಿ ಸುಟ್ಟರು. ಆದರೆ ಬಾಯಿಗೆ ಬಟ್ಟೆ ಕಟ್ಟಿದ ದಿನ ಮಕ್ಕಳು ಅವರ ಮುಖ ನೋಡಿ ನೋಡಿ ತಲೆ ತಗ್ಗಿಸಿದರಂತೆ. "ನನ್ನ ಮಾರಿ ಓದಿ ಬದುಕೂ ಹುಡುಗರು ತಂಗಿ, ಆ ಪಾಟೀಗೆ ಅರಬಿ ಹೊಚ್ಚಿದ್ಹಂಗಾತು" ಅಂದರು, ಸ್ಲೇಟಿಗೆ ಬಟ್ಟೆ ಹೊದಿಸಿದ ಹಾಗಾಯಿತು ಅಂತ.

ಮೊದಲು ಬಿದ್ದವನು ಹಾಸ್ಟೆಲ್ಲಿನ ಒಬ್ಬ ಹುಡುಗ. ತಂದೆತಾಯಿ ದೂರದ ಊರಲ್ಲಿ. ಸಾಂಕ್ರಾಮಿಕ ರೋಗದ ಆಸ್ಪತ್ರೆಯಲ್ಲಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಕ್ಕೋರು ದಿನಾ ಗೇಟಿನವರೆಗೆ ಹೋಗಿ ಕೇಳಿ ಬರುತ್ತಿದ್ದರು. ಒಳಗೆ ಎಲ್ಲರ ಬಾಯಿಗೂ ಬಟ್ಟೆ. ಏನು ಮಾಡುತ್ತಿದ್ದಾರೆ, ಯಾಕೆ ಚುಚ್ಚುತ್ತಿದ್ದಾರೆ, ಯಾಕೆ ಏಳಬಾರದು, ಹುಡುಗನಿಗೆ ಹೇಳುವವರಿಲ್ಲ. ಮೂಗಿನ ನಳಿಗೆ ಕಿತ್ತನೆಂದು ಕೈ ಕಟ್ಟಿದರು. ಕಟ್ಟು ಹರಿದುಕೊಂಡು ಎದ್ದು ಕೂತ. ಅಷ್ಟೇ.

"ನಿಯಮ ಅಂದ್ರು, ನಾ ಹೂಂ ಅಂದೆ" ಎಂದು ಅಕ್ಕೋರು ನನಗೆ ಆಮೇಲೊಮ್ಮೆ ಹೇಳಿದರು.

ಅವನು ಹೋದ ಹಿಂದೆಯೇ ಗಿರಿಜಾ ಬಿದ್ದಳು. ಆಗ ಅವಳಿಗೆ ಎಂಟು ವರ್ಷ. ಗಂಟಲು ನೋಯುತ್ತಿದೆ ಎಂದು ಅವಳು ಹೇಳಲಿಲ್ಲ. ನೀರು, ಅನ್ನ, ಆಯೀ ಎಲ್ಲ ಬಂದಿತ್ತು. ನೋವು ಅನ್ನುವುದು ಬಾಯಿಪಾಠದಲ್ಲಿ ಇನ್ನೂ ಬಂದಿರಲಿಲ್ಲ. ಕತ್ತು ಊದಿದ ಮೇಲೆ ನಾನು ಕಂಡೆ. ಅದೇ ಆಸ್ಪತ್ರೆ. ಗೇಟಿನಲ್ಲಿ ನನ್ನ ಕೈಯಿಂದ ಅವಳನ್ನು ತೆಗೆದುಕೊಂಡು ಒಳಗೆ ಹೋದರು. ನಾನು ಕಂಪೌಂಡಿನ ಹಿಂದಿನಿಂದ ನುಸುಳಿ, ಮಂಚ ಮಂಚ ಹುಡುಕುತ್ತ ಕಿಡಕಿಗಳಲ್ಲಿ ಇಣುಕಿದೆ. ಗಾಜಿನಾಚೆ ಗಿರಿಜಾ ಇದ್ದಳು. ಎರಡೂ ಕೈಗಳನ್ನು ಪಟ್ಟಿ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು.

ಓಡಿ ಹೋಗಿ ಅಕ್ಕೋರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ಕೈ?"

"ಹೌದ್ರಿ."

ನನ್ನನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡೇ ಹೊರಟರು. ಗೇಟಿನವನು ಅಡ್ಡ ನಿಂತ. "ಸರಕಾ!" ಅಂದರು. ಆತ ಸರಿದ.

ವಾರ್ಡಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಬಾಯಿಬಟ್ಟೆಯ ಮೇಲೆ ಕಾಣುತ್ತಿದ್ದ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಗಾಗಿದ್ದವು. ಅವರು ಮಾತಾಡಿದ್ದೆಲ್ಲ ಮರಾಠಿಯಲ್ಲಿ. ನನ್ನ ತಲೆಯಲ್ಲಿ ಅದು ನಮ್ಮ ಮಾತಿನಲ್ಲೇ ಉಳಿದಿದೆ.

"ಒಂದೊಂದು ಮಂಚಕ್ಕ ಇಬ್ಬಿಬ್ಬರು ಹುಡುಗರು ಅದಾರ್ರಿ ಬಾಯಿ. ನಿಮ್ಮ ಹುಡುಗಿಗೆ ಬ್ಯಾರೆ ಕಾಯದೆ ಮಾಡ್ಲೇನು?"

"ಮಾಡ್ರಿ. ಆಕಿ ಕಿವಿ ಬ್ಯಾರೆ ಅದಾವ."

"ಬಿಚ್ಚಿದ್ರ ಏಳತಾಳ. ಎದ್ದ್ರ ಏನಾಗತದ, ಆ ಹುಡುಗಂದು ನೋಡೀರಿ ಅಲ್ಲಾ?"

"ಅವ ಯಾಕ ಎದ್ದ? ಮಲಕೊ ಅಂತ ಅವಗ ಯಾರು ಹೇಳಿದ್ರಿ? ನೀವು ಹೇಳಿದ್ದೆಲ್ಲಾ ಈ ಅರಬೀಗೆ ಹೇಳೀರಿ." ಡಾಕ್ಟರ ಬಾಯಿಬಟ್ಟೆಗೆ ಬೆರಳು ಮಾಡಿದರು. "ಕೈ ಕಟ್ಟೂದಂದ್ರ ಇವರ ಬಾಯಿಗೆ ಅರಬಿ ತುರುಕಿದ್ಹಂಗ."

ಡಾಕ್ಟರು ಬಾಯಿಬಟ್ಟೆ ಸರಿಮಾಡಿಕೊಂಡರು. ಆಮೇಲೆ, "ನಿಮ್ಮ ಸಾಳ್ಯಾಗೂ ಕೈ ಕಟ್ಟೇ ಕೂಡಸ್ತೀರಂತ? ಹಂಗ ಕೇಳೇನಪ್ಪಾ" ಅಂದರು.

ಅಕ್ಕೋರ ಮುಖದ ಮೇಲೆ ಯಾರೋ ಹೊಡೆದ ಹಾಗಾಯಿತು. ಅವರು ಸೋತದ್ದನ್ನು ನಾನು ಅದೊಂದೇ ಸಲ ಕಂಡದ್ದು. ಆದರೆ ಕಾಲು ಹಿಂದೆ ಇಡಲಿಲ್ಲ.

"ಕೂಡಸ್ತಿದ್ದೆ. ಇವತ್ತಿಗೆ ಮುಗೀತು. ನೀವೂ ಮುಗಸ್ರಿ. ಬಿಚ್ಚರಿ."

"ಎದ್ದಳಂದ್ರ?"

"ಏಳದ್ಹಂಗ ನಾ ಹೇಳತೇನಿ. ಆಕಿಗೆ ನನ್ನ ತುಟಿ ತಿಳೀತದ."

ಒಳಗೆ ಬಿಡಲಿಲ್ಲ. ಕಿಡಕಿಯ ಹೊರಗಿನಿಂದ ಹೇಳಿ ಅಂದರು. ಸಿಸ್ಟರು ಗಿರಿಜಾಳ ಕೈ ಬಿಚ್ಚಿದರು. ಮಳೆ ನಿಂತ ಹುಲ್ಲಿನಲ್ಲಿ ನಾವಿಬ್ಬರೂ ಸುತ್ತುಹಾಕಿ ಹೋದೆವು. ಅಕ್ಕೋರು ಬಾಯಿಗೆ ಕಟ್ಟಿದ್ದ ಬಟ್ಟೆ ಕೆಳಗೆಳೆದು ಗಾಜಿಗೆ ಮುಖ ಹಚ್ಚಿದರು. ತುಟಿ ಅಗಲಿಸಿ, ನಿಧಾನಕ್ಕೆ, ಮಲಗಿರು ಎಂದು ಹೇಳುವವರಿದ್ದರು.

ಗಿರಿಜಾ ಅವರನ್ನು ಕಂಡಳು. ಕಂಡದ್ದೇ ತಡ, ಹೊದಿಕೆ ಒಗೆದು ತಟ್ಟನೆ ಎದ್ದು ಕೂತಳು. ಬೆನ್ನು ನೆಟ್ಟಗೆ ಮಾಡಿ, ಎದೆಯ ಮೇಲೆ ಕೈಕಟ್ಟಿ, ಬೆರಳುಗಳನ್ನು ಕಂಕುಳಲ್ಲಿ ಅಡಗಿಸಿದಳು. ಕತ್ತು ಊದಿ ಮುಖಕ್ಕೆ ಸೇರಿಹೋಗಿತ್ತು, ಕಣ್ಣು ಹೊರಗೆ ಬಂದಿದ್ದವು. ಆದರೂ ತರಗತಿಗೆ ಅಕ್ಕೋರು ಬಂದಾಗ ಹೇಗೆ ಕೂರಬೇಕೋ ಹಾಗೆ ಕೂತಿದ್ದಳು.

ಸಿಸ್ಟರು ಓಡಿ ಬಂದರು. ಅಕ್ಕೋರು ಕಿಡಕಿಯ ಕೆಳಗೆ ಕೆಸರಿನಲ್ಲಿ ದೊಪ್ಪನೆ ಕೂತುಬಿಟ್ಟರು, ಅವಳ ಕಣ್ಣಿಗೆ ಬೀಳದ ಹಾಗೆ. "ನನ್ನ ನೋಡಬ್ಯಾಡವಾ, ನೋಡಬ್ಯಾಡ" ಎಂದು ಗೋಡೆಗೆ ಹೇಳುತ್ತಿದ್ದರು. ನಾನು ಪಕ್ಕದಿಂದ ಇಣುಕಿದೆ. ಸಿಸ್ಟರು ಅವಳನ್ನು ಮೆಲ್ಲಗೆ ಮಲಗಿಸಿದರು. ಉಸಿರಾಡುತ್ತಿದ್ದಳು.

"ಅದಾಳೇನು?"

"ಅದಾಳ್ರಿ."

ಸೀರೆಯೆಲ್ಲ ಕೆಸರಾಗಿತ್ತು. ಅಕ್ಕೋರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ನಾ ಕಲಿಸಿದ್ದು ಇದನ ತಂಗಿ. ನನ್ನ ಕಂಡ್ರ ಸಾಯೂ ಹೊತ್ತಿನ್ಯಾಗೂ ನೆಟ್ಟಗ ಕೂಡತಾವ." ಆಮೇಲೆ ಎದ್ದರು. "ನೀ ಇಲ್ಲೇ ಇರು. ಡಾಕ್ಟರ್ ಮತ್ತ ಕಟ್ಟತೇನಂದ್ರ ಕಟ್ಟಗೊಡಬ್ಯಾಡ. ಅವರ ಕಾಲು ಬೀಳಬ್ಯಾಡ, ಬಾಗಲದಾಗ ನಿಲ್ಲು."

ಅವರು ಹೋದದ್ದು ಟೇಲರ್ ಮಾಸ್ತರನ ಅಂಗಡಿಗೆ. ಅಲ್ಲಿ ನಡೆದದ್ದನ್ನು ಮಾಸ್ತರನೇ ನನಗೆ ಮುಂದೊಂದು ದಿನ ತನ್ನ ಕೈಗಳಿಂದ ಹೇಳಿದ, ನಡುನಡುವೆ ನಗುತ್ತ. ಬಾಗಿಲಲ್ಲಿ ಅಕ್ಕೋರನ್ನು ಕಂಡು ಆತ ರೂಢಿಯಂತೆ ಕೈ ಹಿಂದೆ ಕಟ್ಟಿ ಎದ್ದು ನಿಂತನಂತೆ. ಅವರು ತುಟಿಯಾಡಿಸಿ ಎಲ್ಲ ಹೇಳಿ, "ನನಗ ಕಲಸು, ಈಗಿಂದೀಗ" ಅಂದರು. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಗಿರಾಕಿಗಳ ಸ್ಟೂಲು ತೋರಿಸಿ ಕೂರಲು ಹೇಳಿದ. ಕೂತರು. ಏನೋ ಕೇಳಲು ಬಾಯಿ ತೆರೆದರು. ಮಾಸ್ತರ ತುಟಿಗೆ ಬೆರಳಿಟ್ಟು, ಅವರೇ ಕಲಿಸಿದ್ದ ಆ ಗೊಗ್ಗರು ದನಿಯಲ್ಲಿ ಅಂದ: "ಬಾಯೀ, ತೋಂಡ ಬಂದ!" ಬಾಯಿ ಮುಚ್ಚಿ ಅಂತ.

ಮುಚ್ಚಿದರು. ಕೈ ತಪ್ಪಿದಾಗೆಲ್ಲ ಆತ ಬಟ್ಟೆ ಅಳೆಯುವ ಪಟ್ಟಿಯಿಂದ ಅವರ ಗೆಣ್ಣಿಗೆ ಮೆಲ್ಲಗೆ ತಟ್ಟುತ್ತಿದ್ದನಂತೆ. ಅಂಗಡಿಯಲ್ಲಿದ್ದ ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರು. ಅಕ್ಕೋರು ಕೈ ಎಳೆದುಕೊಳ್ಳಲಿಲ್ಲ.

ವಾರ್ಡಿನ ಬಾಗಿಲಲ್ಲಿ ನಾನು ನಿಂತೇ ಇದ್ದೆ. ಪಟ್ಟಿ ಬಟ್ಟೆ ಹಿಡಿದು ಬಂದ ಸಿಸ್ಟರಿಗೆ "ಥಾಂಬಾ, ಬಾಯಿ ಯೇತಾತ" ಎಂದಷ್ಟೇ ಹೇಳಿದೆ, ನಿಲ್ಲಿ, ಬಾಯಿ ಬರುತ್ತಾರೆ ಅಂತ. ನನ್ನನ್ನು ದೂಡಲು ಅವರಿಗೂ ಮನಸ್ಸಾಗಲಿಲ್ಲ. ಸಿಸ್ಟರೇ ಮಂಚದ ಪಕ್ಕ ಕೂತು ಗಿರಿಜಾಳ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಸೈಕಲ್ ಬಂತು. ಮಾಸ್ತರ ತುಳಿಯುತ್ತಿದ್ದ, ಅಕ್ಕೋರು ಕ್ಯಾರಿಯರಿನ ಮೇಲೆ, ಕೆಸರು ಸೀರೆಯಲ್ಲಿ. ದಾರಿಯುದ್ದಕ್ಕೂ ಜನ ನಿಂತು ನೋಡಿರಬೇಕು. ಕಿಡಕಿಯೆದುರು ಮೊದಲು ಮಾಸ್ತರ ನಿಂತ. ಅಕ್ಕೋರು ಗೋಡೆಗೆ ಒತ್ತಿ ಮರೆಯಾದರು. ಮಾಸ್ತರನನ್ನು ಕಂಡ ಗಿರಿಜಾ ಏಳಲಿಲ್ಲ. ಆತನ ಕೈಗಳು ಮಾತಾಡತೊಡಗಿದವು. ಏನು ಹೇಳಿದನೆಂದು ನನಗಾಗ ತಿಳಿಯಲಿಲ್ಲ, ಆಮೇಲೆ ತಿಳಿದುಕೊಂಡೆ. ನಿನ್ನ ಹೃದಯ ದಣಿದಿದೆ, ಹಳೆಯ ದಾರದ ಹಾಗಾಗಿದೆ, ಜಗ್ಗಿದರೆ ಹರಿಯುತ್ತದೆ, ಸುಮ್ಮನೆ ಮಲಗಿರು, ಮಲಗಿಯೇ ಮಾತಾಡು, ಅಂದಿದ್ದ.

ಗಿರಿಜಾ ಹೊದಿಕೆಯ ಒಳಗಿಂದ ಒಂದು ಕೈ ಹೊರತೆಗೆದು ಏನೋ ಕೇಳಿದಳು. ಮಾಸ್ತರ ಗೋಡೆಯ ಕಡೆ ತಿರುಗಿ ಬಾಯಿಮಾತಲ್ಲಿ ಹೇಳಿದ: "ಬಾಯಿ ಮಾರತೀಲ ಕಾ?"

ಬಾಯಿ ಹೊಡೆಯುತ್ತಾರಾ, ಎಂದು ಕೇಳಿದ್ದಳು.

ಅಕ್ಕೋರು ಮೆಲ್ಲಗೆ ಕಿಡಕಿಯಲ್ಲಿ ಕಾಣಿಸಿಕೊಂಡರು. ತುಟಿ ಬಿಗಿಯಾಗಿ ಮುಚ್ಚಿತ್ತು. ಎರಡೂ ಕೈ ಮೇಲೆತ್ತಿ, ಆಗಷ್ಟೇ ಕಲಿತದ್ದನ್ನು ಹೇಳಿದರು. ಮಲಗು. ಹೊಡೆಯುವುದಿಲ್ಲ. ಕೈಯಿಂದ ಹೇಳು. ಒಂದೂ ನೆಟ್ಟಗೆ ಬಂದಿರಲಾರದು. ಗಿರಿಜಾ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ ಆ ಊದಿದ ಮುಖದಲ್ಲಿ ನಗು ಬಂತು. ಮಲಗಿದ್ದಲ್ಲೇ ಕೈ ಎತ್ತಿ, ಅವರ ಒಂದು ಸನ್ನೆಯನ್ನು ಸರಿಮಾಡಿ ತೋರಿಸಿದಳು. ಅಕ್ಕೋರು ಹಾಗೆಯೇ ಮಾಡಿದರು. ಅವಳು ಇಲ್ಲ ಎಂದು ತಲೆಯಾಡಿಸಿ ಮತ್ತೊಮ್ಮೆ ತೋರಿಸಿದಳು.

"ನೋಡ್ದ್ಯಾ, ನನ್ನ ತಪ್ಪು ತಿದ್ದತಾಳ!" ಅಕ್ಕೋರ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಸೊಕ್ಕು.

ದೀಪಾವಳಿಯ ತನಕ ಆ ಕಿಡಕಿಯೇ ನಮ್ಮ ಶಾಲೆಯಾಯಿತು. ಗಿರಿಜಾ ಮಲಗಿ ಹೇಳುತ್ತಿದ್ದಳು, ನಾನೂ ಅಕ್ಕೋರೂ ಹುಲ್ಲಿನಲ್ಲಿ ನಿಂತು ಕಲಿಯುತ್ತಿದ್ದೆವು. ನೋವು ಎಲ್ಲಿದೆ ಎಂದು ನನ್ನ ಮಗಳು ನನಗೆ ಹೇಳಿದ್ದು ಆಗಲೇ, ಹುಟ್ಟಿದ ಮೇಲೆ ಮೊದಲ ಸಲ. ಸಿಸ್ಟರುಗಳು ನೀರು, ನೋವು, ಒಂದಕ್ಕೆ, ಅವ್ವ ಬಂದಾಳೆ, ಇಷ್ಟನ್ನು ಕೈಯಲ್ಲಿ ಹೇಳಲು ಕಲಿತರು. ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿದ್ದ ಮಕ್ಕಳಿದ್ದರು. ಕಿವಿ ಚೆನ್ನಾಗಿದ್ದರೂ ದನಿ ಹೊರಡುತ್ತಿರಲಿಲ್ಲ. ಅವರೂ ಪಕ್ಕದ ಮಂಚದ ಗಿರಿಜಾಳನ್ನು ನೋಡಿ ಕೈಯಲ್ಲಿ ನೀರು ಕೇಳತೊಡಗಿದರು. ಡಾಕ್ಟರು ಮಾಸ್ತರನಿಗೆ ಗೌನು ತೊಡಿಸಿ ಒಳಗೆ ಕರೆದರು. ಕೇಳಿಸದ ಮಕ್ಕಳು ಬಂದರೆ ಕೈ ಕಟ್ಟಬಾರದು, ಅವರ ಕಡೆಯವರೊಬ್ಬರು ಕಿಡಕಿಗೆ ಬರಬಹುದು ಎಂದು ವಾರ್ಡಿಗೆ ಹೇಳಿದರು. "ಕಾಯದೆದಾಗ ಇದು ಇಲ್ಲರಿ ಬಾ‌ಯಿ" ಅಂದರು. "ಇರಲಿಲ್ಲ" ಎಂದರು ಅಕ್ಕೋರು.

ದೀಪಾವಳಿಯ ರಜೆ ಮುಗಿದು ಶಾಲೆ ತೆರೆಯಿತು. ರೋಗ ಪೂರ್ತಿ ಹೋಗಿರಲಿಲ್ಲ, ಬಾಯಿಪಾಠಕ್ಕೆ ಇನ್ನೂ ತಡೆಯಿತ್ತು. ಅಕ್ಕೋರು ಮಕ್ಕಳನ್ನು ಅಂಗಳದಲ್ಲಿ ದೂರ ದೂರ ಕೂರಿಸಿ ಕೈಯಲ್ಲೇ ಪಾಠ ಶುರು ಮಾಡಿದರು. ಯಾರೋ ದೂರು ಕೊಟ್ಟರು. ಶಿಕ್ಷಣ ಖಾತೆಯ ಸಾಹೇಬರು ಬಂದ ದಿನ ನಾನು ಗಿರಿಜಾಳನ್ನು ಬಿಡಲು ಹೋದವಳು ಅಲ್ಲೇ ಇದ್ದೆ.

"ಏನಿದು, ಮಂಗ್ಯಾನ ಆಟ?"

"ಗಣಿತ" ಅಂದರು ಅಕ್ಕೋರು.

"ಕೈಲೇ?"

"ನೀವೂ ಸಣ್ಣವರಿದ್ದಾಗ ಕೈಲೇ ಎಣಿಸೀರಿ."

ಸಾಹೇಬರ ಮುಖ ಕೆಂಪಾಯಿತು. "ನಿಯಮ ನಿಮಗ ನಾ ಹೇಳಬೇಕೇನು? ಕೈಸನ್ನಿ ಕಲಸೂ ಸಾಳಿಗೆ ಮಾನ್ಯತಾ ಇಲ್ಲ."

"ಬಾಯಿಪಾಠ ನಿಲ್ಲಸ್ರಿ ಅಂದ್ರಿ, ರೋಗ ಹರಡತದ ಅಂದ್ರಿ. ನಿಲ್ಲಿಸಿದೆ. ಕೈಯೂ ಬ್ಯಾಡಂದ್ರ ಏನು ಕಲಸಲಿ? ಸುಮ್ಮ ಕೂಡೂದು? ಅದು ಇವರಿಗೆ ಮೊದಲ ಬರತದ, ನಾ ಕಲಿಸೀನಿ."

ಸಾಹೇಬರು ಕೆಟ್ಟವರಲ್ಲ. ಅವರಿಗೂ ಇದು ಮುಗಿದರೆ ಸಾಕಾಗಿತ್ತು. ದನಿ ತಗ್ಗಿಸಿ ಒಂದು ದಾರಿ ತೋರಿಸಿದರು. "ಹಂಗಾರ ರೋಗ ಇರೂತನಕ ಅಷ್ಟ ಅಂತ ತಿಳಕೊಳ್ಳೇನು? ಹೂಂ ಅನ್ರಿ, ನಾ ಹೊಂಟೆ."

ಹೂಂ ಅಂದಿದ್ದರೆ ಕುರ್ಚಿ ಉಳಿಯುತ್ತಿತ್ತು. ಅಂಗಳದಲ್ಲಿ ಮಕ್ಕಳ ಕೈಗಳು ನಿಂತಿದ್ದವು. ಏನೋ ನಡೆಯುತ್ತಿದೆ ಎಂದು ಅವಕ್ಕೆ ತಿಳಿದಿತ್ತು.

"ಇಲ್ರಿ" ಅಂದರು ಅಕ್ಕೋರು. "ರೋಗ ಹೋಗತದ. ಇವರ ಕೈ ಎಲ್ಲಿಗೂ ಹೋಗೂದಿಲ್ಲ." ಮತ್ತೆ ಮಕ್ಕಳ ಕಡೆ ತಿರುಗಿ, ಸಾಹೇಬರು ನೋಡುತ್ತಿದ್ದಂತೆಯೇ, ಕೈಯಲ್ಲಿ ಮುಂದಿನ ಲೆಕ್ಕ ಹೇಳಿದರು.

ಹೆಡ್‌ಮಿಸ್ಟ್ರೆಸ್ ಹುದ್ದೆಗೆ ಬೇರೆಯವರು ಬಂದರು. ಹಳೆಯ ಶಿಸ್ತು ಮರಳಿತು, ಒಂದು ಕೋಣೆ ಬಿಟ್ಟು. ಆ ಕೋಣೆಯಲ್ಲಿ ಅಕ್ಕೋರು ಸಾದಾ ಶಿಕ್ಷಕಿಯಾಗಿ ನಿವೃತ್ತಿಯವರೆಗೆ ಕಲಿಸಿದರು. ರೋಗ ಹೋದ ಮೇಲೆ ಬಾಯಿಪಾಠವನ್ನೂ ಬಿಡಲಿಲ್ಲ. ತುಟಿಯೂ ಬೇಕು, ಕೈಯೂ ಬೇಕು ಎಂಬುದು ಅವರ ವಾದ. ಕೆಲವು ತಂದೆತಾಯಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಮನೆಗೇ ಸೈಕಲ್ ತುಳಿದು ಹೋಗಿ ಜಗಳವಾಡಿ ಕೆಲವರನ್ನು ಮರಳಿ ತಂದರು. "ಬ್ಯಾಸರ ಆಗೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ. "ಕುರ್ಚಿ ಅವರದು, ಒಯ್ದ್ರು. ಕೈ ನನ್ನವು ಅದಾವಲ್ಲಾ" ಎಂದು ನಕ್ಕರು.

ಈ ವರ್ಷ ಮಳೆಗಾಲ ಮುಗಿಯುತ್ತಲೇ ಅಕ್ಕೋರು ಹೋದರು. ದೊಡ್ಡ ಜಡ್ಡೇನೂ ಅಲ್ಲ, ವಯಸ್ಸಾಗಿತ್ತು. ನನಗೆ ಇನ್ನೂ ಭಾನುವಾರ ಬಂತೆಂದರೆ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಉಂಡ್ಯಾ ಎಂದು ಕನ್ನಡದಲ್ಲಿ ಕೇಳುವವರು ಈ ಊರಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ನಮ್ಮನೆಯವರು ಮೊದಲೇ ಹೋಗಿದ್ದಾರೆ. ಇದನ್ನು ಬರೆಯಲು ಕೂತಾಗ ಮೊದಲ ಸಾಲಿಗೇ ಎರಡು ದಿನ ಅಳು ಬಂತು. ಆಮೇಲೆ ಅವರು ನನ್ನ ಭುಜ ಅಲ್ಲಾಡಿಸಿದ ಹಾಗೆ ಅನ್ನಿಸಿ ಬರೆದೆ.

ಶಾಲೆಯವರು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಅಕ್ಕೋರ ಫೋಟೋಕ್ಕೆ ಹಾರ, ಮುಂದಿನ ಸಾಲಿನಲ್ಲಿ ದೊಡ್ಡವರು, ಹಿಂದೆ ಹಾಲ್ ತುಂಬ ಅವರ ಕೈಯಲ್ಲಿ ಕಲಿತವರು. ಈಗ ಮಾಸ್ತರನ ಅಂಗಡಿಯಲ್ಲೇ ಹೊಲಿಗೆ ಮಾಡುವ ಗಿರಿಜಾ ನನ್ನ ಪಕ್ಕ ಕೂತಿದ್ದಳು. ಸಂಸ್ಥೆಯ ಅಧ್ಯಕ್ಷರು ಮೈಕಿನಲ್ಲಿ ಮಾತಾಡತೊಡಗಿದರು. ಅಷ್ಟು ದೂರಕ್ಕೆ ಅವರ ತುಟಿ ಯಾರಿಗೂ ಕಾಣುತ್ತಿರಲಿಲ್ಲ, ಮೀಸೆ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಏನಂತಾರೆ, ಎಂದು ಗಿರಿಜಾ ಕೇಳಿದಳು. ತೊಡೆಯ ಮೇಲೇ ಕೈಯಾಡಿಸಿ ಹೇಳಿದೆ. ಹಿಂದಿನವರು ಬಗ್ಗಿ ಇಣುಕಿದರು. ಅವರ ಹಿಂದಿನವರು ಎದ್ದು ನಿಂತರು. ಎಲ್ಲರಿಗೂ ಹೇಳು, ಮುಂದೆ ಹೋಗು, ಅಂದಳು ಗಿರಿಜಾ.

ನಾನು ಸಭೆಗಳಲ್ಲಿ ಗೋಡೆ ಹಿಡಿದು ಕೂರುವವಳು. ಎದ್ದು ಹೋಗಿ ಮೈಕಿನ ಪಕ್ಕ ನಿಂತೆ. ಅಧ್ಯಕ್ಷರು ಮಾತು ನಿಲ್ಲಿಸಿ, "ತಾಈ, ಬಸಾ" ಅಂದರು, ಕೂತುಕೊಳ್ಳಿ ಅಂತ. ಈಗಿನ ಹೆಡ್‌ಮಿಸ್ಟ್ರೆಸ್ಸೂ ಕಣ್ಣು ಬಿಟ್ಟರು.

"ತುಮ್ಹೀ ಬೋಲಾ" ಅಂದೆ, ನೀವು ಮಾತಾಡಿ ಅಂತ. ಕೂರಲಿಲ್ಲ.

ಅವರು ಮುಂದುವರಿಸಿದರು. ಮೂಕರಿಗೆ ಮಾತು ಕೊಟ್ಟ ಮಹಾತಾಯಿ ಅಂದರು. ಅದನ್ನು ಕೈಯಲ್ಲಿ ಹೇಳಿದೆ. ಶಿಸ್ತಿನ ಮೂರ್ತಿ ಅಂದರು. ಅದನ್ನೂ ಹೇಳಿದೆ. ನಿಯಮಪಾಲಕರು ಅಂದರು. ಅದನ್ನು ಹೇಳುತ್ತಲೇ ಹಿಂದಿನ ಸಾಲಿನಲ್ಲಿ ಮಾಸ್ತರ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಂದ ಮುಂದೆ ನಾನು ಅಧ್ಯಕ್ಷರ ಮಾತಿಗೆ ಕಾಯಲಿಲ್ಲ. ಸತ್ತ ಹುಡುಗನ ವಿಷಯ ಹೇಳಿದೆ, ಮಂಚಕ್ಕೆ ಕಟ್ಟಿದ ಕೈಗಳ ವಿಷಯ, ಕೆಸರಿನಲ್ಲಿ ಕೂತದ್ದು, ಹೂಂ ಅನ್ನದೆ ಇದ್ದದ್ದು. ಅಧ್ಯಕ್ಷರು ಭಾಷಣ ಮುಗಿಸಿದರು, ಯಾರೋ ಮೈಕು ಬಂದ್ ಮಾಡಿದರು, ಮುಂದಿನ ಸಾಲು ಚಹಾಕ್ಕೆ ಎದ್ದಿತು. ಹಿಂದಿನ ಸಾಲುಗಳಲ್ಲಿ ಒಬ್ಬರೂ ಏಳಲಿಲ್ಲ. ನಮ್ಮದು ಇನ್ನೂ ಮುಗಿದಿರಲಿಲ್ಲ.